ಮತ್ತೆ ಮತ್ತೆ ಏಳುವ ಪಿತ್ತದ ಗಂಧೆ: ಸೂಜಿ ಚಿಕಿತ್ಸೆಯಿಂದ ಗುಣವಾಗುತ್ತದೆಯೇ?



ಮಳೆಗಾಲದ ಒಂದು ಸಂಜೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ ಆಯಿತು, ಸಾಲದ ಕಂತು ಪುಸ್ತಕಕ್ಕೆ ಬರೆದು ಆಯಿತು. ಆಗ ಬೀಡಿ ಕಟ್ಟುವ ಒಬ್ಬ ಸದಸ್ಯೆ ಎದ್ದು ನಿಂತು ಆಂತರಿಕ ಸಾಲ ಕೇಳಿದರು. ಮೊತ್ತ 6,000 ರೂಪಾಯಿ. "ಯಾತಕ್ಕೆ ಅಕ್ಕಾ?" ಅಂತ ಪ್ರತಿನಿಧಿ ಕೇಳಿದಾಗ ಅವರು ಸೆರಗು ಸರಿಸಿ ತೋಳು ತೋರಿಸಿದರು. ಸೊಳ್ಳೆ ಕಚ್ಚಿದ ಹಾಗೆ, ಆದರೆ ಅದಕ್ಕಿಂತ ದೊಡ್ಡದಾಗಿ, ಕೆಂಪಗೆ ಉಬ್ಬಿದ ಗಂಧೆಗಳು. ಒಂದಕ್ಕೊಂದು ಕೂಡಿ ನಕ್ಷೆ ಬರೆದ ಹಾಗಿತ್ತು.

"ಎಂಟು ತಿಂಗಳಾಯ್ತು ಸಿಸ್ಟರ್. ರಾತ್ರಿ ನಿದ್ದೆ ಇಲ್ಲ. ಪೇಟೆಯಲ್ಲಿ ಸೂಜಿ ಚುಚ್ಚಿ ಗುಣ ಮಾಡ್ತಾರಂತೆ. ಹನ್ನೆರಡು ಸಲ ಹೋಗಬೇಕು. ಮಾತ್ರೆ ಎಲ್ಲ ನಿಲ್ಲಿಸಿ ಬನ್ನಿ ಅಂದಿದ್ದಾರೆ, ನಾನು ನಿಲ್ಲಿಸಿಬಿಟ್ಟೆ" ಎಂದರು.

ಸಭೆಯಲ್ಲಿ ಎರಡು ಮಾತಾಯಿತು. "ನನ್ನ ನಾದಿನಿಗೆ ಸೊಂಟನೋವು ಸೂಜಿಯಿಂದಲೇ ಹೋಯ್ತು, ಕೊಡೋಣ" ಎಂದರು ಒಬ್ಬರು. "ಅದೆಲ್ಲ ದುಡ್ಡು ಕೀಳೋ ದಾರಿ" ಎಂದರು ಇನ್ನೊಬ್ಬರು. ಎಲ್ಲರೂ ನಮ್ಮ ಮುಖ ನೋಡಿದರು. ನಿಜ ಹೇಳಬೇಕೆಂದರೆ ಆ ದಿನ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಭೆಗೆ ತಿಳಿದುಕೊಂಡು ಬರುತ್ತೇವೆ ಎಂದೆವು. ಆದರೆ ಅದಕ್ಕೂ ಮೊದಲೇ, ಮಾತ್ರೆ ಬಿಟ್ಟ ಹತ್ತನೇ ರಾತ್ರಿ, ಆ ಅಕ್ಕನ ತುಟಿ ಮತ್ತು ಕಣ್ಣಿನ ರೆಪ್ಪೆ ಊದಿಕೊಂಡು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ದೇವರ ದಯೆ, ಉಸಿರಿಗೆ ತೊಂದರೆ ಆಗಲಿಲ್ಲ.

ಚರ್ಮದ ವೈದ್ಯರನ್ನು ಕೇಳಿ, ಓದಿ, ನಾವು ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಿಮ್ಮ ಸಂಘದಲ್ಲೂ ಇಂಥ ಪ್ರಶ್ನೆ ಬರಬಹುದು.

ಪಿತ್ತದ ಗಂಧೆ ಅಂದರೆ ಏನು?

ನಾವು ಪಿತ್ತದ ಗಂಧೆ ಅಂತೇವೆ. "ಪಿತ್ತ ಎದ್ದಿದೆ" ಅಂತಲೂ ಹೇಳುತ್ತೇವೆ. ಆಯುರ್ವೇದದಲ್ಲಿ ಇದಕ್ಕೆ ಶೀತಪಿತ್ತ ಎಂದು ಹೆಸರು. ವೈದ್ಯರು ಅರ್ಟಿಕೇರಿಯಾ ಎನ್ನುತ್ತಾರೆ.

ನಮ್ಮ ಚರ್ಮದ ಒಳಗೆ ಮಾಸ್ಟ್ ಕೋಶಗಳೆಂಬ ಸಣ್ಣ ಕಾವಲುಗಾರರು ಇದ್ದಾರೆ. ಅವರ ಚೀಲದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಶತ್ರು ಬಂದ ಅಂತ ಅನ್ನಿಸಿದಾಗ ಅವರು ಚೀಲ ಬಿಚ್ಚುತ್ತಾರೆ. ಹಿಸ್ಟಮಿನ್ ಹೊರಬಂದರೆ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಒಸರುತ್ತದೆ. ಅದೇ ಉಬ್ಬು. ನರದ ತುದಿಗಳು ಕೆರಳುತ್ತವೆ. ಅದೇ ತುರಿಕೆ. ಚರ್ಮದ ಆಳದಲ್ಲಿ ಹೀಗಾದರೆ ತುಟಿ, ರೆಪ್ಪೆ, ಕೈ ಕಾಲು ಊದಿಕೊಳ್ಳುತ್ತವೆ.

ಒಂದು ಗಂಧೆ ಎದ್ದ ಜಾಗದಲ್ಲಿ ಸಾಮಾನ್ಯವಾಗಿ 24 ಗಂಟೆಯ ಒಳಗೆ ಕಲೆ ಉಳಿಯದೆ ಇಳಿದುಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಏಳುತ್ತದೆ. ಕೆಲವು ದಿನ ಇದ್ದು ಹೋದರೆ ಅದು ತಾತ್ಕಾಲಿಕ. 6 ವಾರ ದಾಟಿಯೂ ಏಳುತ್ತಲೇ ಇದ್ದರೆ ಅದನ್ನು ದೀರ್ಘಕಾಲದ ಗಂಧೆ ಎನ್ನುತ್ತಾರೆ. ನೂರರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಸುಮಾರು ಎರಡು ಪಟ್ಟು ಹೆಚ್ಚು.

ಇದು ಯಾರ ತಪ್ಪು?

ಯಾರ ತಪ್ಪೂ ಅಲ್ಲ. ಇದನ್ನು ಮೊದಲು ತಿಳಿಯಬೇಕು. ಏಕೆಂದರೆ ಗಂಧೆಗಿಂತ ಹೆಚ್ಚು ನೋವು ಕೊಡುವುದು ಸುತ್ತಲಿನವರ ಮಾತು. ಆ ಅಕ್ಕನಿಗೆ ಮನೆಯಲ್ಲಿ ಬಟ್ಟಲು, ಟವೆಲ್ ಬೇರೆ ಇಟ್ಟಿದ್ದರು. ಮಗುವನ್ನು ಹತ್ತಿರ ಮಲಗಿಸಿಕೊಳ್ಳಲು ಬಿಡುತ್ತಿರಲಿಲ್ಲ. "ಬೀಡಿ ಎಲೆಯ ಧೂಳು" ಎಂದರು ಒಬ್ಬರು, "ಏನೋ ದೋಷ" ಎಂದರು ಇನ್ನೊಬ್ಬರು. ಮೀನು ಬಿಡಿಸಿದರು, ಮೊಟ್ಟೆ ಬಿಡಿಸಿದರು, ಬದನೆಕಾಯಿ ಬಿಡಿಸಿದರು. ಎಂಟು ತಿಂಗಳಲ್ಲಿ ಅಕ್ಕ ಸೊರಗಿದರೇ ಹೊರತು ಗಂಧೆ ಸೊರಗಲಿಲ್ಲ.

ಪಿತ್ತದ ಗಂಧೆ ಅಂಟುರೋಗ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಮಗುವನ್ನು ಎತ್ತಿಕೊಂಡರೆ ಹರಡುವುದಿಲ್ಲ. ತಿಂದ ಕೂಡಲೇ ಏಳುವ ತಾತ್ಕಾಲಿಕ ಗಂಧೆಗೆ ಸಿಗಡಿ, ಏಡಿ, ಕಡಲೆಕಾಯಿ ಇಂಥವು ಕಾರಣ ಆಗಬಹುದು, ನಿಜ. ಆದರೆ ತಿಂಗಳುಗಟ್ಟಲೆ ಏಳುವ ಗಂಧೆಗೆ ಆಹಾರ ಕಾರಣ ಆಗುವುದು ಅಪರೂಪ. ಹೆಚ್ಚಿನವರಲ್ಲಿ ಹೊರಗಿನ ಕಾರಣ ಸಿಗುವುದೇ ಇಲ್ಲ. ಅನೇಕರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ತನ್ನದೇ ಮಾಸ್ಟ್ ಕೋಶಗಳನ್ನು ಕೆಣಕುತ್ತದೆ. ಇಂಥವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆಯೂ ಇರುತ್ತದೆ. ಅದಕ್ಕೇ ವೈದ್ಯರು ಒಂದೆರಡು ರಕ್ತಪರೀಕ್ಷೆ ಬರೆಯುತ್ತಾರೆ.

ಇನ್ನು ಕೆಲವರಿಗೆ ತಣ್ಣೀರು, ಬೆವರು, ಬಿಗಿಯಾದ ಬಟ್ಟೆಯ ಒತ್ತಡ ಅಥವಾ ಕೆರೆದ ಗೀರೇ ಗಂಧೆ ಎಬ್ಬಿಸುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆಗಳು ಹಲವರಲ್ಲಿ ಗಂಧೆಯನ್ನು ಜಾಸ್ತಿ ಮಾಡುತ್ತವೆ. ಬೀಡಿ ಕಟ್ಟಿ ಬೆನ್ನು ನೋವು ಅಂತ ಆ ಅಕ್ಕ ವಾರಕ್ಕೆ ಮೂರು ಸಲ ಇಂಥ ಮಾತ್ರೆ ನುಂಗುತ್ತಿದ್ದದ್ದು ಆಮೇಲೆ ತಿಳಿಯಿತು. (ಹೃದಯಕ್ಕಾಗಿ ವೈದ್ಯರು ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು.)

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಪುನರ್ಪುಳಿ ಶರಬತ್ತು ಕುಡಿಯಿರಿ, ಬೇಡ ಎನ್ನುವುದಿಲ್ಲ. ದೇಹಕ್ಕೆ ತಂಪು. ಆದರೆ ಕಂಬಳಿ ಹೊದ್ದು ಉಜ್ಜುವುದು ಬೇಡ. ಉಜ್ಜಿದಷ್ಟೂ, ಸೆಕೆ ಆದಷ್ಟೂ ತುರಿಕೆ ಹೆಚ್ಚುತ್ತದೆ. ತಣ್ಣನೆಯ ಒದ್ದೆ ಬಟ್ಟೆ ಇಟ್ಟರೆ ಹಿತ. ತಣ್ಣೀರಿಗೇ ಗಂಧೆ ಏಳುವವರು ಮಾತ್ರ ಇದನ್ನೂ ಮಾಡಬಾರದು.

ಮೊದಲ ಚಿಕಿತ್ಸೆ ಯಾವುದು?

ಹಿಸ್ಟಮಿನ್ ಕೆಲಸ ಮಾಡದಂತೆ ಅದರ ಬಾಗಿಲಿಗೆ ಬೀಗ ಹಾಕುವ ಮಾತ್ರೆಗಳಿವೆ. ಸೆಟಿರಿಜಿನ್, ಲೆವೊಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವು ಆ ಗುಂಪಿನವು. ಹಳೆಯ ಕಾಲದ ಮಾತ್ರೆಗಳಷ್ಟು ಇವು ನಿದ್ದೆ ತರಿಸುವುದಿಲ್ಲ. ಆದರೂ ಸೆಟಿರಿಜಿನ್ ಕೆಲವರಿಗೆ ಮಂಪರು ತರುತ್ತದೆ. ಹೊಲಿಗೆ ಯಂತ್ರ, ಸ್ಕೂಟರ್, ಒಲೆಯ ಮುಂದೆ ಕೆಲಸ ಮಾಡುವವರು ಇದನ್ನು ವೈದ್ಯರಿಗೆ ಹೇಳಬೇಕು. ಬಸುರಿ, ಬಾಣಂತಿಯರೂ ಮೊದಲೇ ಹೇಳಬೇಕು.

ಇಲ್ಲಿ ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದಿದೆ. ಗಂಧೆ ಎದ್ದ ದಿನ ಒಂದು ಮಾತ್ರೆ ನುಂಗುವುದು, ಇಳಿದ ದಿನ ಬಿಡುವುದು. ದೀರ್ಘಕಾಲದ ಗಂಧೆಗೆ ಅದು ಸಾಲದು. ವೈದ್ಯರು ಹೇಳಿದಷ್ಟು ವಾರ ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಮಳೆ ಬಂದ ಮೇಲೆ ಮಾಡಿಗೆ ಹೆಂಚು ಹಾಕಿದ ಹಾಗಲ್ಲ, ಮೊದಲೇ ಹಾಕಿರಬೇಕು. ದಿನಕ್ಕೆ ಒಂದು ಮಾತ್ರೆಯಿಂದ ಹತೋಟಿಗೆ ಬರದಿದ್ದರೆ ವೈದ್ಯರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದು. ನಾವಾಗಿಯೇ ಏರಿಸಬಾರದು. ಅದಕ್ಕೂ ಬಗ್ಗದ ಗಂಧೆಗೆ ಓಮಾಲಿಜುಮಾಬ್ ಎಂಬ ಇಂಜೆಕ್ಷನ್ ಇದೆ. ಒಳ್ಳೆಯ ಫಲ ಕೊಡುತ್ತದೆ, ಆದರೆ ಬೆಲೆ ನಮ್ಮಂಥವರ ಕೈಗೆಟುಕುವುದು ಕಷ್ಟ.

ಸ್ಟೀರಾಯ್ಡ್ ಮಾತ್ರೆಯನ್ನು ತೀರಾ ಜೋರಾದಾಗ ಕೆಲವು ದಿನಗಳಿಗೆ ಮಾತ್ರ ಕೊಡುತ್ತಾರೆ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ ಬರಬಹುದು. ಹೆಸರಿಲ್ಲದ ಪುಡಿ, ಪೊಟ್ಟಣದ ಗುಳಿಗೆ ತಿಂದು "ಒಂದೇ ದಿನದಲ್ಲಿ ಮಾಯ" ಆದರೆ ಸಂತೋಷಪಡುವ ಮೊದಲು ಅದರಲ್ಲಿ ಏನಿದೆ ಎಂದು ಅನುಮಾನಪಡಿ.

ಸೂಜಿ ಚಿಕಿತ್ಸೆ ಎಲ್ಲಿಂದ ಬಂತು?

ಈಗ ಸೂಜಿ ಚಿಕಿತ್ಸೆಯ ವಿಷಯಕ್ಕೆ ಬರೋಣ. ಇದರ ಹೆಸರು ಅಕ್ಯುಪಂಕ್ಚರ್. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಚೀನಾದಲ್ಲಿ ನಡೆದು ಬಂದ ಪದ್ಧತಿ. ನಮ್ಮ ದೇಶಕ್ಕೆ ಇದು ಬಂದದ್ದಕ್ಕೆ ಒಂದು ಒಳ್ಳೆಯ ಕಥೆ ಇದೆ. 1938ರಲ್ಲಿ ಚೀನಾದ ಮೇಲೆ ಜಪಾನ್ ಯುದ್ಧ ಮಾಡುತ್ತಿದ್ದಾಗ ಗಾಯಾಳುಗಳ ಸೇವೆಗೆ ಭಾರತದಿಂದ ಐವರು ವೈದ್ಯರು ಹೋದರು. ಅವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು ಊರಿಗೆ ಮರಳಿದರು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕೋಲ್ಕತ್ತದಲ್ಲಿ ಶುರುಮಾಡಿದರು. 2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಒಂದು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಎಂದು ಗುರುತಿಸಿತು. ನಮ್ಮ ರಾಜ್ಯದ ಪ್ರಕೃತಿ ಚಿಕಿತ್ಸಾ ಕಾಲೇಜುಗಳಲ್ಲಿ ಪದವಿ ಓದುವ ವೈದ್ಯರಿಗೂ ಇದನ್ನು ಕಲಿಸುತ್ತಾರೆ.

ಈ ಸೂಜಿ ಇಂಜೆಕ್ಷನ್ ಸೂಜಿಯ ಹಾಗೆ ಟೊಳ್ಳಲ್ಲ, ಒಳಗೆ ಔಷಧಿ ಇರುವುದಿಲ್ಲ. ಸುಮಾರು ಕಾಲು ಮಿಲಿಮೀಟರ್ ದಪ್ಪದ ತೆಳು ಸೂಜಿ. ದೇಹದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ ಸಾಮಾನ್ಯವಾಗಿ 20–30 ನಿಮಿಷ ಹಾಗೇ ಬಿಡುತ್ತಾರೆ. ನಾವು ಗಂಧೆಗೆ ಪಿತ್ತ ಕಾರಣ ಎಂದೆವು. ಚೀನಾದವರು ಗಾಳಿ ಕಾರಣ ಎಂದರು, ಗಾಳಿಯ ಹಾಗೆ ಬರುತ್ತದೆ, ಹೋಗುತ್ತದೆ ಅಂತ. ಹಾಗಾಗಿ ಗಾಳಿಯನ್ನು ಓಡಿಸುವ, ರಕ್ತವನ್ನು ತಣಿಸುವ ಬಿಂದುಗಳನ್ನು ಆರಿಸಿಕೊಂಡರು. ಮೊಣಕೈ ಮಡಚಿದಾಗ ಹೊರಬದಿಯಲ್ಲಿ ಗೆರೆ ಮುಗಿಯುವ ಜಾಗ ಒಂದು. ಮೊಣಕಾಲಿನ ಮೇಲೆ ತೊಡೆಯ ಒಳಬದಿಯಲ್ಲಿ ಇನ್ನೊಂದು. ಇದಕ್ಕೆ ಚೀನೀ ಭಾಷೆಯಲ್ಲಿ "ರಕ್ತದ ಕಡಲು" ಎಂಬ ಅರ್ಥದ ಹೆಸರಿದೆ.

ಇದು ಹೇಗೆ ಕೆಲಸ ಮಾಡಬಹುದು? ಸೂಜಿ ಚುಚ್ಚಿದಾಗ ಚರ್ಮದ ಮತ್ತು ಮಾಂಸಖಂಡದ ನರಗಳು ಎಚ್ಚರಗೊಳ್ಳುತ್ತವೆ. ಮೆದುಳಿನಲ್ಲಿ ನೋವು ತಗ್ಗಿಸುವ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ತುರಿಕೆಯ ಸುದ್ದಿ ಮೆದುಳಿಗೆ ಹೋಗುವ ದಾರಿಯೂ ನೋವಿನ ದಾರಿಗೆ ತೀರಾ ಹತ್ತಿರ. ಜರ್ಮನಿಯ ಮ್ಯೂನಿಕ್ ನಗರದ ಸಂಶೋಧಕರು ಆರೋಗ್ಯವಂತರ ಚರ್ಮಕ್ಕೆ ಹಿಸ್ಟಮಿನ್ ತಾಗಿಸಿ ಬೇಕೆಂದೇ ತುರಿಕೆ ಎಬ್ಬಿಸಿ, ಮೊಣಕೈಯ ಆ ಬಿಂದುವಿಗೆ ಸೂಜಿ ಹಾಕಿ ನೋಡಿದಾಗ ತುರಿಕೆ ಸ್ವಲ್ಪ ಕಡಿಮೆ ಆದದ್ದು ಕಂಡಿತು. ಅಂದರೆ ಇದು ಪೂರಾ ಕಟ್ಟುಕಥೆ ಅಲ್ಲ. ಆದರೆ ತುರಿಕೆ ಸ್ವಲ್ಪ ಹೊತ್ತು ತಗ್ಗುವುದು ಬೇರೆ, ತಿಂಗಳುಗಟ್ಟಲೆಯ ಕಾಯಿಲೆ ಗುಣವಾಗುವುದು ಬೇರೆ.

ಪರೀಕ್ಷೆ ಮಾಡಿ ನೋಡಿದಾಗ ಏನು ಕಂಡಿತು?

ಒಂದು ಉದಾಹರಣೆ ಕೊಡುತ್ತೇವೆ. ನೀವು ಮಲ್ಲಿಗೆ ಬೆಳೆಯುತ್ತೀರಿ. ಒಬ್ಬರು ಹೊಸ ಗೊಬ್ಬರ ಮಾರಲು ಬಂದರು. ಹಾಕಿದಿರಿ, ಮೊಗ್ಗು ಜಾಸ್ತಿ ಬಂತು. ಗೊಬ್ಬರದಿಂದ ಬಂತೋ, ಆ ವಾರ ಬಿದ್ದ ಹದ ಮಳೆಯಿಂದ ಬಂತೋ ಹೇಗೆ ಹೇಳುವುದು? ಅದಕ್ಕೆ ಮೂರು ಸಾಲು ಗಿಡ ಮಾಡಬೇಕು. ಒಂದು ಸಾಲಿಗೆ ಗೊಬ್ಬರ. ಒಂದು ಸಾಲಿಗೆ ಅದೇ ಥರದ ಚೀಲದಲ್ಲಿ ತಂದ ಬರೀ ಮಣ್ಣು. ಒಂದು ಸಾಲಿಗೆ ಏನೂ ಇಲ್ಲ. ಮಳೆ ಮೂರಕ್ಕೂ ಒಂದೇ. ಆಗ ಮೊಗ್ಗು ಎಣಿಸಿದರೆ ಗೊಬ್ಬರದ ನಿಜವಾದ ಪಾಲು ಎಷ್ಟೆಂದು ತಿಳಿಯುತ್ತದೆ.

ಚೀನಾದ ಮೂರು ಆಸ್ಪತ್ರೆಗಳಲ್ಲಿ ದೀರ್ಘಕಾಲದ ಗಂಧೆಯ 330 ರೋಗಿಗಳ ಮೇಲೆ ಹೀಗೇ ಪರೀಕ್ಷೆ ನಡೆಯಿತು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರನೇ ಒಂದು ಭಾಗದ ಜನರಿಗೆ ನಾಲ್ಕು ವಾರ ನಿಜವಾದ ಸೂಜಿ ಚಿಕಿತ್ಸೆ. ಇನ್ನೊಂದು ಭಾಗಕ್ಕೆ ತೋರಿಕೆಯ ಸೂಜಿ ಚಿಕಿತ್ಸೆ. ಉಳಿದವರಿಗೆ ಸರದಿಗಾಗಿ ಕಾಯಲು ಹೇಳಿದರು. ಗಂಧೆ ಮತ್ತು ತುರಿಕೆಗೆ ವಾರಕ್ಕೆ 0ಯಿಂದ 42ರವರೆಗೆ ಅಂಕ ಹಾಕುವ ಕ್ರಮವಿದೆ. ಅಂಕ ಹೆಚ್ಚಾದಷ್ಟೂ ಕಾಯಿಲೆ ಜೋರು. ನಾಲ್ಕು ವಾರದ ಕೊನೆಗೆ ಲೆಕ್ಕ ಹೀಗಿತ್ತು:

ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ಅಂಕ ಸರಾಸರಿ 8.2 ಇಳಿಯಿತು.
ತೋರಿಕೆಯ ಸೂಜಿಯವರಲ್ಲಿ 4.1 ಇಳಿಯಿತು.
ಸುಮ್ಮನೆ ಕಾದವರಲ್ಲೂ 2.2 ಇಳಿಯಿತು.

ಇದನ್ನು ಸಂಘದ ಲೆಕ್ಕದ ಹಾಗೆ ಬಿಡಿಸಿ ನೋಡೋಣ. ಏನೂ ಮಾಡದೆ ಕೂತವರಿಗೂ ಸ್ವಲ್ಪ ಕಡಿಮೆಯಾಯಿತು. ತೋರಿಕೆಯ ಚಿಕಿತ್ಸೆಯಿಂದಲೂ, ಆರೈಕೆ, ನಂಬಿಕೆ, ವಿಶ್ರಾಂತಿಯಿಂದ, ಇನ್ನಷ್ಟು ಕಡಿಮೆಯಾಯಿತು. ನಿಜವಾದ ಸೂಜಿಗೆ ಸೇರಬೇಕಾದ ಹೆಚ್ಚಿನ ಲಾಭ 42ರಲ್ಲಿ ಸುಮಾರು 4 ಅಂಕ. ಲಾಭ ಇಲ್ಲವೆಂದಲ್ಲ. ಆದರೆ "ಹೌದು, ನನಗೆ ಸುಧಾರಿಸಿತು" ಎಂದು ರೋಗಿಗೆ ಬದುಕಿನಲ್ಲಿ ಗೊತ್ತಾಗಲು ಎಷ್ಟು ಇಳಿಯಬೇಕೆಂದು ತಜ್ಞರು ಒಂದು ಮಟ್ಟ ಇಟ್ಟುಕೊಂಡಿರುತ್ತಾರೆ. ಗುಂಪುಗಳ ನಡುವಿನ ಈ ವ್ಯತ್ಯಾಸ ಆ ಮಟ್ಟ ಮುಟ್ಟಲಿಲ್ಲ. ನಿಜವಾದ ಸೂಜಿಯವರಲ್ಲಿ 15 ಮಂದಿಗೆ, ತೋರಿಕೆಯವರಲ್ಲಿ 4 ಮಂದಿಗೆ ಸಣ್ಣಪುಟ್ಟ ತೊಂದರೆಗಳು ಆದವು. ದೊಡ್ಡ ಅಪಾಯ ಆಗಲಿಲ್ಲ.

"ನನಗೆ ಗುಣ ಆಯ್ತಲ್ಲ ಸಿಸ್ಟರ್?"

ಹೀಗೆ ಕೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಈ ಕಾಯಿಲೆಯ ಗುಣವೇ ಏರುವುದು, ಇಳಿಯುವುದು. ಹೆಚ್ಚಿನವರಲ್ಲಿ ಒಂದರಿಂದ ಐದು ವರ್ಷದ ಒಳಗೆ ತಾನಾಗಿಯೇ ಹೋಗುತ್ತದೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಇರುತ್ತದೆ. ನಾವು ಚಿಕಿತ್ಸೆಗೆ ಓಡುವುದು ಯಾವಾಗ? ತೀರಾ ಜೋರಾದಾಗ. ಜೋರಾದದ್ದು ಮುಂದೆ ಇಳಿಯಲೇಬೇಕು. ಇಳಿದಾಗ ಕೊನೆಗೆ ಮಾಡಿದ ಚಿಕಿತ್ಸೆಗೆ ಹೆಸರು ಬರುತ್ತದೆ. ಸೂಜಿಗೂ ಹಾಗೇ, ಪುನರ್ಪುಳಿಗೂ ಹಾಗೇ, ಹರಕೆಗೂ ಹಾಗೇ.

ಇನ್ನೊಂದನ್ನೂ ಹೇಳಬೇಕು. ಅರ್ಧ ಗಂಟೆ ಯಾರ ಕೆಲಸವೂ ಇಲ್ಲದೆ ಮಲಗಿ, ಒಬ್ಬರು ನಮ್ಮ ಕಷ್ಟ ಕೇಳಿಸಿಕೊಳ್ಳುವುದು ನಮ್ಮ ಹೆಂಗಸರಿಗೆ ಎಷ್ಟು ಸಲ ಸಿಗುತ್ತದೆ? ಚಿಂತೆ, ನಿದ್ದೆಗೇಡು ತುರಿಕೆಯನ್ನು ಹೆಚ್ಚಿಸುತ್ತವೆ. ಆ ವಿಶ್ರಾಂತಿಗೂ ಒಂದು ಬೆಲೆ ಇದೆ. ಅದು ಮನೆಯಲ್ಲೂ ಸಿಗುವಂತಾಗಬೇಕು ಎನ್ನುವುದು ನಮ್ಮ ಆಸೆ.

ಹಾಗಾದರೆ ಉತ್ತರ ಏನು? ಸೂಜಿ ಚಿಕಿತ್ಸೆಯನ್ನು ಮಾತ್ರೆಯ ಜೊತೆಗೆ ಮಾಡಿಸಬಹುದು, ಮಾತ್ರೆಯ ಬದಲಿಗೆ ಅಲ್ಲ. ಸ್ವಲ್ಪ ನೆರವಾಗಬಹುದು, ಬೇರುಸಹಿತ ಕೀಳುತ್ತೇವೆ ಎಂಬ ಮಾತು ನಂಬಬೇಡಿ. ಅದಕ್ಕಾಗಿ ದೊಡ್ಡ ಸಾಲ ಮಾಡಬೇಡಿ.

ಗಂಧೆಗೂ ಒಂದು ಲೆಕ್ಕದ ಪುಸ್ತಕ

ಲೆಕ್ಕ ಬರೆಯಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ಹಳೆಯ ನೋಟ್ ಪುಸ್ತಕದಲ್ಲಿ ದಿನಕ್ಕೆ ಎರಡು ಅಂಕ ಬರೆಯಿರಿ.

ಗಂಧೆ: ಇಲ್ಲದಿದ್ದರೆ 0. ದಿನವಿಡೀ ಸೇರಿ 20ಕ್ಕಿಂತ ಕಡಿಮೆ ಎದ್ದರೆ 1. 20ರಿಂದ 50 ಎದ್ದರೆ 2. 50ಕ್ಕಿಂತ ಹೆಚ್ಚು, ಅಥವಾ ಕೂಡಿಕೊಂಡು ದೊಡ್ಡ ದೊಡ್ಡ ದದ್ದಾಗಿದ್ದರೆ 3.

ತುರಿಕೆ: ಇಲ್ಲದಿದ್ದರೆ 0. ಇದ್ದರೂ ಉಪದ್ರ ಇಲ್ಲದಿದ್ದರೆ 1. ಉಪದ್ರ ಆದರೂ ಕೆಲಸ, ನಿದ್ದೆ ಕೆಡದಿದ್ದರೆ 2. ಕೆಲಸ ಅಥವಾ ನಿದ್ದೆ ಕೆಟ್ಟರೆ 3.

ದಿನಕ್ಕೆ ಹೆಚ್ಚೆಂದರೆ 6, ವಾರಕ್ಕೆ 42. ಪರೀಕ್ಷೆಯಲ್ಲಿ ಬಳಸಿದ್ದೂ ಇದೇ ಅಳತೆ. ಪಕ್ಕದಲ್ಲಿ ಆ ದಿನ ನುಂಗಿದ ಮಾತ್ರೆ, ನೋವಿನ ಮಾತ್ರೆ, ಮುಟ್ಟಿನ ದಿನ, ಜ್ವರ ಇದ್ದರೆ ಬರೆಯಿರಿ. ವೈದ್ಯರ ಬಳಿ ಈ ಪುಸ್ತಕ ತೆಗೆದುಕೊಂಡು ಹೋದರೆ "ಜಾಸ್ತಿ ಇದೆ ಡಾಕ್ಟ್ರೇ" ಎಂಬ ಒಂದು ಮಾತಿಗಿಂತ ಹೆಚ್ಚು ತಿಳಿಯುತ್ತದೆ. ಹೊಸ ಚಿಕಿತ್ಸೆ ಶುರುಮಾಡುವ ಮುಂಚೆ ಎರಡು ವಾರ, ಆಮೇಲೆ ನಾಲ್ಕು ವಾರ ಬರೆದು ಕೂಡಿಸಿ ನೋಡಿ. ದುಡ್ಡು ಕೊಟ್ಟದ್ದಕ್ಕೆ ಏನು ಸಿಕ್ಕಿತೆಂದು ಪುಸ್ತಕವೇ ಹೇಳುತ್ತದೆ.

ಸೂಜಿ ಹಾಕಿಸುವ ಮೊದಲು ಕೇಳಿ

1. "ನೀವು ಎಲ್ಲಿ, ಏನು ಓದಿದ್ದೀರಿ?" ಪದವಿ, ನೋಂದಣಿ ಇರುವ ವೈದ್ಯರಾಗಿರಲಿ. ಕೇಳುವುದು ಅವಮಾನ ಅಲ್ಲ, ನಮ್ಮ ಹಕ್ಕು.

2. "ಸೂಜಿ ಹೊಸದೇ?" ಪೊಟ್ಟಣವನ್ನು ನಮ್ಮ ಕಣ್ಣೆದುರೇ ಬಿಚ್ಚಬೇಕು, ಒಂದು ಸಲ ಬಳಸಿ ಎಸೆಯಬೇಕು. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ತಗಲಬಹುದು. ಶಿಬಿರದ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ.

3. "ನಾನು ಬಸುರಿ", "ನಾನು ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೇನೆ", "ನನಗೆ ಸಕ್ಕರೆ ಕಾಯಿಲೆ ಇದೆ" ಎಂದು ಮೊದಲೇ ಹೇಳಿ. ಬಸುರಿಯರಿಗೆ ಕೆಲವು ಬಿಂದುಗಳಲ್ಲಿ ಸೂಜಿ ಹಾಕುವುದಿಲ್ಲ.

4. ಎದೆ, ಬೆನ್ನಿನ ಮೇಲೆ ಆಳಕ್ಕೆ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ಗಾಯ ಆಗಬಹುದು. ಕಲಿಯದ ಕೈಗೆ ಮೈ ಕೊಡಬೇಡಿ.

5. ಗೀರಿದ ಕಡೆ, ಒತ್ತಿದ ಕಡೆ ಗಂಧೆ ಏಳುವವರಿಗೆ ಸೂಜಿ ಚುಚ್ಚಿದಲ್ಲೂ ಏಳಬಹುದು. ಇದನ್ನೂ ತಿಳಿಸಿ.

6. "ಮಾತ್ರೆ ನಿಲ್ಲಿಸಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಹನ್ನೆರಡು ಸಲದ ಹಣ ಮುಂಗಡ ಕೇಳಿದರೂ ಕೊಡಬೇಡಿ. ಒಂದೊಂದು ಸಲಕ್ಕೆ ಕೊಟ್ಟು, ರಸೀದಿ ಪಡೆಯಿರಿ.

ತಡಮಾಡಬೇಡಿ

ಗಂಧೆಯ ಜೊತೆ ಉಸಿರಾಟ ಕಷ್ಟವಾದರೆ, ನಾಲಿಗೆ ಅಥವಾ ಗಂಟಲು ಊದಿದರೆ, ಧ್ವನಿ ಒಡೆದರೆ, ತಲೆ ಸುತ್ತಿ ಬಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ ಕೂಡಲೇ 108ಕ್ಕೆ ಕರೆಮಾಡಿ. ಆಗ ಮನೆಮದ್ದೂ ಬೇಡ, ಸೂಜಿಯೂ ಬೇಡ. ಒಂದು ಗಂಧೆ ಅದೇ ಜಾಗದಲ್ಲಿ 24 ಗಂಟೆಗಿಂತ ಹೆಚ್ಚು ಉಳಿದರೆ, ತುರಿಕೆಗಿಂತ ಉರಿ, ನೋವು ಜಾಸ್ತಿ ಇದ್ದರೆ, ಇಳಿದ ಮೇಲೆ ಕಂದು ಕಲೆ ಉಳಿದರೆ, ಜ್ವರ, ಗಂಟುನೋವು ಇದ್ದರೆ ಅದು ಬೇರೆ ಕಾಯಿಲೆ ಇರಬಹುದು. ಚರ್ಮದ ವೈದ್ಯರಿಗೆ ತೋರಿಸಿ.

ಆ ಸಾಲ ಏನಾಯಿತು?

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆವು. ಸಂಘ 6,000 ಕೊಡಲಿಲ್ಲ. ಆದರೆ "ಇಲ್ಲ" ಎಂದೂ ಕೈ ತೊಳೆದುಕೊಳ್ಳಲಿಲ್ಲ. ಚರ್ಮದ ವೈದ್ಯರ ಶುಲ್ಕ, ರಕ್ತಪರೀಕ್ಷೆ, ಎರಡು ತಿಂಗಳ ಮಾತ್ರೆ, ಬಸ್ ಖರ್ಚು ಇಷ್ಟಕ್ಕೆ 1,500 ಸಾಲ ಮಂಜೂರು ಮಾಡಿ ನಿರ್ಣಯ ಬರೆದರು. ಸೂಜಿಯ ಪರ ಮಾತಾಡಿದ್ದ ಸದಸ್ಯೆಯೇ ಜೊತೆಗೆ ಆಸ್ಪತ್ರೆಗೆ ಹೋದರು.

ಅಕ್ಕ ಪುಸ್ತಕ ಬರೆಯತೊಡಗಿದರು. ಮೊದಲ ವಾರ 29. ದಿನವೂ ಮಾತ್ರೆ ತೆಗೆದುಕೊಂಡು, ನೋವಿನ ಮಾತ್ರೆ ಬಿಟ್ಟು ನಾಲ್ಕು ವಾರ ಆದಾಗ 12. ವೈದ್ಯರು ಪ್ರಮಾಣ ಏರಿಸಿದ ಮೇಲೆ 6ಕ್ಕೆ ಇಳಿಯಿತು. ಆಮೇಲೆ ಅವರ ಆಸೆಯಂತೆ, ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರ ಬಳಿ, ಮಾತ್ರೆ ಬಿಡದೆ, ಸ್ವಂತ ದುಡಿಮೆಯ ಹಣದಲ್ಲಿ ನಾಲ್ಕು ಸಲ ಸೂಜಿ ಹಾಕಿಸಿಕೊಂಡರು. ಅಂಕ ಒಂದು ವಾರ 5, ಒಂದು ವಾರ 7. "ಗಂಧೆಗೆ ಅಂಥ ವ್ಯತ್ಯಾಸ ಕಾಣ್ಲಿಲ್ಲ ಸಿಸ್ಟರ್. ಆದ್ರೆ ಸೂಜಿ ಹಾಕಿಸಿದ ದಿನ ಒಳ್ಳೆ ನಿದ್ದೆ ಬರ್ತದೆ" ಎಂದರು. ನಾವು ನಕ್ಕೆವು. ಅವರ ಲೆಕ್ಕ ಅವರೇ ಮಾಡಿಕೊಂಡಿದ್ದರು.

ಈಗ ಮಗು ಅವರ ಪಕ್ಕದಲ್ಲೇ ಮಲಗುತ್ತದೆ. ಮನೆಯವರಿಗೆ ಇದು ಅಂಟುರೋಗ ಅಲ್ಲ ಎಂದು ಆ ವೈದ್ಯರ ಬಾಯಿಂದಲೇ ಹೇಳಿಸಿದೆವು. ನಮಗೆ ಅನ್ನಿಸುವುದು, 1,500 ರೂಪಾಯಿಯಲ್ಲಿ ಸಿಕ್ಕ ದೊಡ್ಡ ಲಾಭ ಅದೇ.

ಸಭೆಯಲ್ಲಿ ಚರ್ಚಿಸಲು:

ನಮ್ಮ ಸಂಘದಲ್ಲಿ ತಿಂಗಳುಗಟ್ಟಲೆ ಗಂಧೆಯಿಂದ ನರಳುವವರು ಇದ್ದಾರೆಯೇ? ಅವರು ಏನೇನು ತಿನ್ನುವುದು ಬಿಟ್ಟಿದ್ದಾರೆ, ಯಾರ ಮಾತಿಗೆ ಬಿಟ್ಟಿದ್ದಾರೆ?

ಚಿಕಿತ್ಸೆಗೆ ಸಾಲ ಕೇಳಿದಾಗ ಕೊಡುವ ಮೊದಲು ನಾವು ಯಾವ ಮೂರು ಪ್ರಶ್ನೆ ಕೇಳಬೇಕು?

ಕಾಯಿಲೆ ಇರುವ ಸದಸ್ಯೆಯ ಜೊತೆ ಆಸ್ಪತ್ರೆಗೆ ಹೋಗಲು ನಮ್ಮಲ್ಲಿ ಯಾರು ತಯಾರಿದ್ದೀರಿ?

ಓದಲು ಬಾರದ ಸಹೋದರಿಯರಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಗಂಧೆಯ ಲೆಕ್ಕ ಬರೆಯಲು ಬಾರದವರಿಗೆ ಪಕ್ಕದ ಮನೆಯ ಶಾಲೆಯ ಮಗು ಬರೆದುಕೊಡಲಿ.